ಇರುವ ಬೆಳಕು, ತಂದ ಬೆಳಕು

ನಡು ಮಧ್ಯಾಹ್ನದ ನೇರ ಬಿಸಿಲಿನಲ್ಲಿ ಬೆಳಕಿನ ಪ್ರಮಾಣ ಸುಮಾರು ಒಂದು ಲಕ್ಷ ಲಕ್ಸ್. ಮೋಡ ಕವಿದ ಹಗಲಿನಲ್ಲಿ ಅದು ಹತ್ತು ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಕಚೇರಿಯ ಮೇಜಿನ ಮೇಲೆ 300ರಿಂದ 500, ಸಂಜೆ ದೀಪ ಹಾಕಿದ ನಡುಮನೆಯಲ್ಲಿ ನೂರರ ಆಚೀಚೆ. ಒಂದು ಮೀಟರ್ ದೂರದ ಮೇಣದಬತ್ತಿ ಕೊಡುವುದು ಒಂದು ಲಕ್ಸ್. ಹುಣ್ಣಿಮೆಯ ಬೆಳದಿಂಗಳು ಹೆಚ್ಚೆಂದರೆ ಕಾಲು ಲಕ್ಸ್. ಬಿಸಿಲಿನಿಂದ ನಡುಮನೆಗೆ ಬರುವಷ್ಟರಲ್ಲಿ ಬೆಳಕು ಸಾವಿರ ಪಟ್ಟು ಕುಗ್ಗಿರುತ್ತದೆ, ಆದರೆ ಕಣ್ಣಿಗೆ ಅದು ಅಷ್ಟಾಗಿ ತಿಳಿಯುವುದೇ ಇಲ್ಲ. ಪಾಪೆ ಹಿಗ್ಗುತ್ತದೆ, ಅಕ್ಷಿಪಟಲ ತನ್ನ ಸೂಕ್ಷ್ಮತೆಯನ್ನು ಹೆಚ್ಚಿಸಿಕೊಳ್ಳುತ್ತದೆ, ಮಿಕ್ಕಿದ್ದನ್ನು ಮಿದುಳು ಸರಿದೂಗಿಸುತ್ತದೆ. ಕ್ಯಾಮೆರಾಕ್ಕೆ ಇಂಥ ಉದಾರತೆ ಇಲ್ಲ. ಬಂದ ಬೆಳಕನ್ನು ಅದು ಲೆಕ್ಕ ಹಾಕುತ್ತದೆ, ಸಾಲದೆ ಹೋದರೆ ಚಿತ್ರ ಕೆಡುತ್ತದೆ.

ಸಾಲದ ಬೆಳಕನ್ನು ಸರಿಪಡಿಸಲು ಇರುವ ದಾರಿಗಳು ಎರಡೇ. ಇರುವ ಬೆಳಕನ್ನೇ ಹೆಚ್ಚು ಹೊತ್ತು, ಹೆಚ್ಚು ಅಗಲದ ಕಿಂಡಿಯಿಂದ ಕೂಡಿಸಿಕೊಳ್ಳುವುದು ಒಂದು. ಹೊರಗಿನಿಂದ ಬೆಳಕು ತಂದು ಸುರಿಯುವುದು ಇನ್ನೊಂದು. ಹೆಚ್ಚಿನವರು ಎರಡನೆಯದನ್ನು ಮೊದಲನೆಯದರ ಬದಲಿ ಎಂದುಕೊಂಡಿದ್ದಾರೆ. ಕತ್ತಲಾಯಿತೇ, ಫ್ಲಾಶ್ ಹಾಕು ಎಂಬ ಈ ಧೋರಣೆಯಿಂದಲೇ ರಾತ್ರಿಯ ಚಿತ್ರಗಳಲ್ಲಿ ಮುಖ ಸುಣ್ಣ ಬಳಿದಂತೆ ಬೆಳ್ಳಗೂ ಹಿನ್ನೆಲೆ ಕಪ್ಪಗೂ ಬರುವುದು. ಎರಡೂ ಬೆಳಕು ಒಂದೇ ಚಿತ್ರದಲ್ಲಿ ಬೇರೆ ಬೇರೆ ನಿಯಮಗಳಿಗೆ ಒಳಪಟ್ಟು ದಾಖಲಾಗುತ್ತವೆ ಎಂಬುದು ತಿಳಿದರೆ ಅರ್ಧ ಸಮಸ್ಯೆ ಬಗೆಹರಿದಂತೆ.

ಇರುವ ಬೆಳಕಿನ ಲೆಕ್ಕ

ಕ್ಯಾಮೆರಾದಲ್ಲಿ ಚಿತ್ರದ ಉಜ್ವಲತೆಯನ್ನು ನಿರ್ಧರಿಸುವುದು ಮೂರು ಅಂಶಗಳು: ಲೆನ್ಸಿನ ಕಿಂಡಿಯ ಅಗಲ, ಅಂದರೆ ಅಪರ್ಚರ್, ಷಟರ್ ತೆರೆದಿರುವ ಅವಧಿ, ಮತ್ತು ಐಎಸ್‌ಒ. ಅಪರ್ಚರಿನ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಎಫ್/4ರಿಂದ ಎಫ್/2.8ಕ್ಕೆ ಬಂದರೆ ಬೆಳಕು ಎರಡು ಪಟ್ಟು, ಎಫ್/2ಕ್ಕೆ ಬಂದರೆ ನಾಲ್ಕು ಪಟ್ಟು.

ಸುಮಾರು 150 ಲಕ್ಸ್ ಬೆಳಕಿರುವ ಒಂದು ಕಲ್ಯಾಣ ಮಂಟಪವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಕ್ಯಾಮೆರಾದ ಜೊತೆಗೇ ಬರುವ ಸಾಮಾನ್ಯ ಝೂಮ್ ಲೆನ್ಸ್ ಪೂರ್ತಿ ಹಿಗ್ಗಿಸಿದಾಗ ಎಫ್/5.6ಕ್ಕಿಂತ ಅಗಲವಾಗಿ ತೆರೆಯುವುದಿಲ್ಲ. ಐಎಸ್‌ಒ 100ರಲ್ಲಿ ಇದಕ್ಕೆ ಬೇಕಾಗುವ ಅವಧಿ ಅರ್ಧ ಸೆಕೆಂಡು. ಅಷ್ಟು ಹೊತ್ತು ಕೈಯೂ ನಿಲ್ಲದು, ಧಾರೆ ಎರೆಯುವವರೂ ನಿಲ್ಲರು. ಐಎಸ್‌ಒ 1600 ಮಾಡಿದರೆ ಅವಧಿ 1/30 ಸೆಕೆಂಡಿಗೆ ಇಳಿಯುತ್ತದೆ. ಇದೂ ಅಂಚಿನ ಮೇಲಿನ ನಡಿಗೆ. ಅದೇ ಜಾಗದಲ್ಲಿ ಎಫ್/1.8ರ 50 ಮಿಲಿಮೀಟರ್ ಲೆನ್ಸ್ ಹಾಕಿದರೆ ಸುಮಾರು ಹತ್ತು ಪಟ್ಟು ಹೆಚ್ಚು ಬೆಳಕು ಒಳಗೆ ಬಂದು, 1/300 ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ. ಹೆಚ್ಚಿನ ಕಂಪನಿಗಳ ಪಟ್ಟಿಯಲ್ಲಿ ಅತಿ ಅಗ್ಗದ ಲೆನ್ಸುಗಳಲ್ಲಿ ಒಂದಾದ ಈ ಸಾದಾ 50 ಮಿಲಿಮೀಟರಿನದು ಮಂದ ಬೆಳಕಿನಲ್ಲಿ ದುಬಾರಿ ಕ್ಯಾಮೆರಾಕ್ಕಿಂತ ಹೆಚ್ಚು ಉಪಕಾರಿ.

ಕಿಂಡಿ ತೆರೆದುದಕ್ಕೆ ಬೆಲೆ ತೆರಬೇಕಾದದ್ದು ಸ್ಪಷ್ಟತೆಯ ಆಳದಲ್ಲಿ. ಎರಡು ಮೀಟರ್ ದೂರದವರನ್ನು ಎಫ್/1.8ರಲ್ಲಿ ತೆಗೆದಾಗ ಚೊಕ್ಕವಾಗಿ ಕಾಣುವ ಪದರದ ದಪ್ಪ ಹತ್ತು-ಹದಿನೈದು ಸೆಂಟಿಮೀಟರ್ ಮಾತ್ರ. ಮದುಮಗಳ ಮುಖ ಸರಿಯಾಗಿ ಬಂದರೆ ಅವಳ ಹಿಂದೆ ನಿಂತ ಸೋದರತ್ತೆ ಮಸುಕು. ಗುಂಪಿನ ಚಿತ್ರಕ್ಕೆ ಇದು ಆಗದು.

ಅಗಲ ಕಿಂಡಿಯ ಸಾಹಸಕ್ಕೆ ಸಿನಿಮಾ ಇತಿಹಾಸದಲ್ಲಿ ಒಂದು ಪ್ರಸಿದ್ಧ ಉದಾಹರಣೆಯಿದೆ. ಸ್ಟ್ಯಾನ್ಲಿ ಕುಬ್ರಿಕ್ 1975ರ ‘ಬ್ಯಾರಿ ಲಿಂಡನ್’ ಚಿತ್ರದ ಕೆಲವು ದೃಶ್ಯಗಳನ್ನು ಮೇಣದಬತ್ತಿಗಳ ಬೆಳಕಿನಲ್ಲಿಯೇ ತೆಗೆಯಲು, ಝೈಸ್ ಕಂಪನಿ ನಾಸಾ ಸಂಸ್ಥೆಗಾಗಿ ಮಾಡಿಕೊಟ್ಟಿದ್ದ ಎಫ್/0.7 ಲೆನ್ಸನ್ನು ಬಳಸಿದ. ಎಫ್/5.6ಕ್ಕೆ ಹೋಲಿಸಿದರೆ ಅದು 64 ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ನಟರು ಮಾತ್ರ ಮುಂದಕ್ಕೆ ಹಿಂದಕ್ಕೆ ಅಲುಗಾಡುವಂತಿರಲಿಲ್ಲ. ಇಂದಿನ ಸೆನ್ಸರುಗಳಿಗೆ ಆ ದೃಶ್ಯ ಎಫ್/2ರಲ್ಲೂ ಕಷ್ಟವಲ್ಲ.

ರವೆ ರವೆಯಾಗುವುದೇಕೆ

ಐಎಸ್‌ಒ ಹೆಚ್ಚಿಸಿದರೆ ಸೆನ್ಸರ್ ಹೆಚ್ಚು ಸೂಕ್ಷ್ಮವಾಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಫಿಲ್ಮ್ ಕಾಲದಲ್ಲಿ ಅದು ನಿಜವಾಗಿತ್ತು. 400ರ ಫಿಲ್ಮಿನ ರಾಸಾಯನಿಕ ಲೇಪನವೇ 100ರದ್ದಕ್ಕಿಂತ ಬೇರೆ. ಡಿಜಿಟಲ್ ಸೆನ್ಸರಿನಲ್ಲಿ ಹಾಗಿಲ್ಲ. ಬೆಲ್ ಲ್ಯಾಬ್ಸಿನಲ್ಲಿ ವಿಲ್ಲಾರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ 1969ರಲ್ಲಿ ರೂಪಿಸಿ, 2009ರಲ್ಲಿ ನೊಬೆಲ್ ಪಡೆದ ಸಿಸಿಡಿಯೇ ಇರಲಿ, ಇಂದು ಎಲ್ಲೆಡೆ ಬಳಕೆಯಲ್ಲಿರುವ ಸಿಮಾಸ್ ಸೆನ್ಸರೇ ಇರಲಿ, ಕೆಲಸ ಒಂದೇ: ಬಿದ್ದ ಫೋಟಾನುಗಳನ್ನು ಎಲೆಕ್ಟ್ರಾನುಗಳನ್ನಾಗಿಸಿ ಎಣಿಸುವುದು. ಎಣಿಕೆಯಲ್ಲಿ ಬಂದದ್ದನ್ನು ಎಷ್ಟು ಪಟ್ಟು ಹಿಗ್ಗಿಸಿ ತೋರಿಸಬೇಕು ಎಂಬುದನ್ನಷ್ಟೇ ಐಎಸ್‌ಒ ಹೇಳುತ್ತದೆ.

ರವೆ ಚೆಲ್ಲಿದಂತೆ ಕಾಣುವ ಕಲೆಗಳು, ಅಂದರೆ ನಾಯ್ಸ್, ಹುಟ್ಟುವುದು ಬಹುಪಾಲು ಬೆಳಕಿನಲ್ಲಿಯೇ. ಫೋಟಾನುಗಳು ಸಾಲಾಗಿ ಶಿಸ್ತಿನಿಂದ ಬರುವುದಿಲ್ಲ, ಅಡ್ಡಾದಿಡ್ಡಿ ಬೀಳುತ್ತವೆ. ತೊಟ್ಟಿ ಮನೆಯ ಅಂಗಳದಲ್ಲಿ ಒಂದೇ ಅಳತೆಯ ಲೋಟಗಳನ್ನು ಸಾಲಾಗಿ ಇಟ್ಟರೆ, ಜೋರು ಮಳೆ ಒಂದು ಗಂಟೆ ಸುರಿದ ಮೇಲೆ ಎಲ್ಲದರಲ್ಲೂ ನೀರು ಹೆಚ್ಚು ಕಡಿಮೆ ಸಮವಾಗಿರುತ್ತದೆ. ನಾಲ್ಕು ಹನಿ ಉದುರಿಸಿ ನಿಂತ ಮಳೆಯಲ್ಲಾದರೆ ಒಂದು ಲೋಟದಲ್ಲಿ ಮೂರು ಹನಿ, ಪಕ್ಕದ್ದರಲ್ಲಿ ಒಂದೂ ಇರುವುದಿಲ್ಲ. ಸೆನ್ಸರಿನ ಪಿಕ್ಸೆಲ್‌ಗಳ ಪಾಡೂ ಇದೇ.

ಈ ಏರಿಳಿತದ ಗಣಿತ ಸರಳ. ಸರಾಸರಿ ಎಷ್ಟು ಫೋಟಾನುಗಳು ದಾಖಲಾಗುತ್ತವೋ ಅದರ ವರ್ಗಮೂಲದಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಐಎಸ್‌ಒ 100ರಲ್ಲಿ ಒಂದು ಪಿಕ್ಸೆಲ್ 40,000 ಎಣಿಸಿತೆಂದರೆ ಏರಿಳಿತ 200, ಅಂದರೆ ಶೇಕಡ ಅರ್ಧ, ಕಣ್ಣಿಗೆ ಕಾಣದು. ಐಎಸ್‌ಒ 6400ರಲ್ಲಿ ಅದೇ ಪಿಕ್ಸೆಲಿಗೆ ಸಿಗುವುದು 64ರಲ್ಲಿ ಒಂದು ಭಾಗ, 625. ಏರಿಳಿತ 25, ಶೇಕಡ 4. ಅದೇ ಚಿತ್ರದ ನೆರಳಿನ ಮೂಲೆಯಲ್ಲಿ 16 ಮಾತ್ರ ಸಿಕ್ಕಿದ್ದರೆ ಏರಿಳಿತ 4, ಶೇಕಡ 25. ನಾಯ್ಸ್ ಯಾವಾಗಲೂ ಮೊದಲು ನೆರಳಿನಲ್ಲಿ ಕಾಣಿಸಿಕೊಳ್ಳುವುದು ಇದಕ್ಕೇ. ಇದರ ಮೇಲೆ ಎಲೆಕ್ಟ್ರಾನಿಕ್ಸಿನ ಸ್ವಂತ ಗದ್ದಲ ಒಂದಿಷ್ಟು ಸೇರುತ್ತದೆ, ಸೆನ್ಸರ್ ಬಿಸಿಯಾದಷ್ಟೂ ಹೆಚ್ಚು.

ಇದರಿಂದ ಎರಡು ವ್ಯಾವಹಾರಿಕ ತೀರ್ಮಾನಗಳು ಹೊರಡುತ್ತವೆ. ನಾಯ್ಸಿಗೆ ಹೆದರಿ ಐಎಸ್‌ಒ ಕಡಿಮೆ ಇಟ್ಟು, ಚಿತ್ರವನ್ನು ಕತ್ತಲಾಗಿ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಬೆಳಗಿಸುವುದರಿಂದ ಏನೂ ಗಿಟ್ಟುವುದಿಲ್ಲ. ಫೋಟಾನುಗಳು ಬಂದದ್ದು ಅಷ್ಟೇ, ಜೊತೆಗೆ ಎಲೆಕ್ಟ್ರಾನಿಕ್ಸಿನ ಗದ್ದಲವೂ ಎದ್ದು ಕಾಣುತ್ತದೆ. ಐಎಸ್‌ಒ 3200ರಲ್ಲಿ ಸರಿಯಾದ ಬೆಳಕಿಗೆ ತೆಗೆದ ಚಿತ್ರ, 800ರಲ್ಲಿ ಕಪ್ಪಾಗಿ ಬಂದು ಎಳೆದು ಬೆಳಗಿಸಿದ ಚಿತ್ರಕ್ಕಿಂತ ಎಂದೂ ಕಳಪೆಯಲ್ಲ. ಎರಡನೆಯದು, ಒಟ್ಟು ಬೆಳಕನ್ನು ಹಿಡಿಯುವುದು ಸೆನ್ಸರಿನ ವಿಸ್ತೀರ್ಣ. ಫುಲ್‌ಫ್ರೇಮ್ ಸೆನ್ಸರಿನ ಅಳತೆ 36×24 ಮಿಲಿಮೀಟರ್, ಅಂದರೆ 864 ಚದರ ಮಿಲಿಮೀಟರ್. ಎಷ್ಟೋ ಫೋನುಗಳದ್ದು 25ರಿಂದ 70ರೊಳಗೆ. ಫೋನಿನ ಜಾಹೀರಾತಿನಲ್ಲಿ ಮೆಗಾಪಿಕ್ಸೆಲ್ ಎಷ್ಟೇ ದೊಡ್ಡದಾಗಿ ಅಚ್ಚಾಗಲಿ, ಕತ್ತಲಲ್ಲಿ ಗೆಲ್ಲುವುದು ಈ ಅಂಕಿ.

ಕಚ್ಚಾ ಕಡತ, ಅಂದರೆ ರಾ ಫೈಲ್, ಇಲ್ಲಿ ನೆರವಿಗೆ ಬರುತ್ತದೆ. ಜೆಪೆಗ್ ಪ್ರತಿ ಬಣ್ಣಕ್ಕೆ 256 ಮೆಟ್ಟಿಲುಗಳನ್ನು ಮಾತ್ರ ಉಳಿಸಿಕೊಂಡರೆ 14 ಬಿಟ್‌ನ ರಾ 16,384 ಮೆಟ್ಟಿಲುಗಳನ್ನು ಇಟ್ಟುಕೊಂಡಿರುತ್ತದೆ. ನೆರಳನ್ನು ತಿದ್ದುವಾಗ, ಹಳದಿ ಬಲ್ಬಿನ ಬಣ್ಣ ಸರಿಪಡಿಸುವಾಗ ಈ ವ್ಯತ್ಯಾಸ ಕಾಣುತ್ತದೆ.

ಕೈ ನಡುಗುವುದು, ಎದುರಿನವರು ಕದಲುವುದು

ನಿಧಾನ ಷಟರಿನಿಂದ ಚಿತ್ರ ಮಸುಕಾಗುವುದಕ್ಕೆ ಎರಡು ಕಾರಣಗಳಿವೆ. ಅವನ್ನು ಬೆರೆಸಿ ನೋಡುವುದರಿಂದಲೇ ಗೊಂದಲ. ಕೈ ನಡುಗಿದರೆ ಚಿತ್ರದಲ್ಲಿ ಗೋಡೆ, ಕಂಬ, ಮುಖ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿರುತ್ತವೆ. ಎದುರಿನವರು ಕದಲಿದರೆ ಕಂಬ ಚೊಕ್ಕವಾಗಿದ್ದು ಮನುಷ್ಯ ಮಾತ್ರ ಮಸುಕು. ಮೊದಲನೆಯದಕ್ಕೆ ಹಳೆಯ ಕೈಲೆಕ್ಕವೊಂದಿದೆ: 50 ಮಿಲಿಮೀಟರ್ ಲೆನ್ಸಿಗೆ ಕನಿಷ್ಠ 1/50, 200ಕ್ಕೆ 1/200 ಸೆಕೆಂಡ್. ಲೆನ್ಸಿನಲ್ಲೋ ಬಾಡಿಯಲ್ಲೋ ಇರುವ ಸ್ಥಿರೀಕರಣ ವ್ಯವಸ್ಥೆ ಇದನ್ನು ಎಂಟು, ಹದಿನಾರು ಪಟ್ಟು ಸಡಿಲಿಸುತ್ತದೆ. ಟ್ರೈಪಾಡ್ ಇದ್ದರೆ ಈ ಚಿಂತೆಯೇ ಇಲ್ಲ. ಬಟನ್ ಒತ್ತುವ ಬೆರಳೇ ಅಲುಗಿಸದಂತೆ ಎರಡು ಸೆಕೆಂಡಿನ ಟೈಮರ್ ಇಟ್ಟರಾಯಿತು.

ಎರಡನೆಯದಕ್ಕೆ ಟ್ರೈಪಾಡೂ ಇಲ್ಲ, ಸ್ಥಿರೀಕರಣವೂ ಇಲ್ಲ. ಯಕ್ಷಗಾನದ ರಂಗಸ್ಥಳದಲ್ಲಿ ಪುಂಡುವೇಷ ದಿಗಿಣ ಹಾಕುವಾಗ 1/500 ಸೆಕೆಂಡ್ ಬೇಕು. ಅದೇ ವೇಷ ಅರ್ಥ ಹೇಳುತ್ತ ನಿಂತಾಗ 1/100 ಸಾಕು. ಕುಣಿತದ ಗತಿ ಗೊತ್ತಿದ್ದವರು ಚೆಂಡೆಯ ಉರುಳಿಕೆ ಏರಿ ಪೆಟ್ಟು ಬಿದ್ದು ಕಲಾವಿದ ಒಂದು ಕ್ಷಣ ನಿಲ್ಲುವ ಹೊತ್ತಿಗೆ ಕಾಯುತ್ತಾರೆ. ಅಲ್ಲಿ ಬೆಳಕು ಅರ್ಧವಿದ್ದರೂ ನಡೆಯುತ್ತದೆ.

ವಿದ್ಯುತ್ ದೀಪಗಳಡಿಯಲ್ಲಿ ಇನ್ನೊಂದು ತೊಡಕು. ಭಾರತದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆಯದು, ಹಾಗಾಗಿ ಹಳೆಯ ಟ್ಯೂಬ್‌ಲೈಟುಗಳೂ ಅಗ್ಗದ ಎಲ್‌ಇಡಿಗಳೂ ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗುತ್ತವೆ. 1/500ರಲ್ಲಿ ಸಾಲಾಗಿ ತೆಗೆದ ಹತ್ತು ಚಿತ್ರಗಳಲ್ಲಿ ಕೆಲವು ಕಪ್ಪು, ಕೆಲವು ಹಳದಿ, ಕೆಲವಕ್ಕೆ ಅಡ್ಡ ಪಟ್ಟಿ. ಷಟರನ್ನು 1/100 ಅಥವಾ 1/50ಕ್ಕೆ ಇಳಿಸಿದರೆ ಪೂರ್ತಿ ಆವರ್ತನೆ ಒಳಗೊಂಡು ಪಟ್ಟಿ ಮಾಯವಾಗುತ್ತದೆ. ಅಮೆರಿಕದ ಕನ್ನಡ ಕೂಟಗಳ ರಾಜ್ಯೋತ್ಸವದ ಸಭಾಂಗಣದಲ್ಲಾದರೆ ಅಲ್ಲಿಯ 60 ಆವರ್ತನೆಗೆ ಹೊಂದುವ 1/60 ಅಥವಾ 1/125 ಸರಿ.

ತಂದ ಬೆಳಕು

ಫೋಟೊಗಾಗಿ ಬೆಳಕು ಸಿಡಿಸುವ ಆಸೆ ಛಾಯಾಗ್ರಹಣದಷ್ಟೇ ಹಳೆಯದು. ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್ 1851ರಲ್ಲಿ ಗಿರ್ರನೆ ತಿರುಗುವ ಚಕ್ರಕ್ಕೆ ‘ದ ಟೈಮ್ಸ್’ ಪತ್ರಿಕೆಯ ಹಾಳೆ ಅಂಟಿಸಿ, ವಿದ್ಯುತ್ ಕಿಡಿಯ ಬೆಳಕಿನಲ್ಲಿ ಅದರ ಚಿತ್ರ ತೆಗೆದಿದ್ದ. 1887ರಲ್ಲಿ ಜರ್ಮನಿಯ ಅಡಾಲ್ಫ್ ಮೀಥ ಮತ್ತು ಯೋಹಾನೆಸ್ ಗೆಡಿಕ ಮೆಗ್ನೀಸಿಯಂ ಬೆರೆತ ಫ್ಲಾಶ್ ಪುಡಿ ತಯಾರಿಸಿದರು. ಮೂರೇ ವರ್ಷಗಳಲ್ಲಿ ಜೇಕಬ್ ರೀಸ್ ಅದನ್ನು ಬಳಸಿ ನ್ಯೂಯಾರ್ಕಿನ ಬಡವರ ಕತ್ತಲೆ ಕೋಣೆಗಳನ್ನು ಪುಸ್ತಕವೊಂದರಲ್ಲಿ ಜಗತ್ತಿಗೆ ತೋರಿಸಿದ. ಪುಡಿ ಹೊಗೆಯುಗುಳುತ್ತಿತ್ತು, ಬೆಂಕಿಯ ಭಯವೂ ಇತ್ತು. 1930ರ ಹೊತ್ತಿಗೆ ಗಾಜಿನೊಳಗೆ ಉರಿಯುವ ಫ್ಲಾಶ್ ಬಲ್ಬು ಬಂತು, ಒಂದು ಚಿತ್ರಕ್ಕೆ ಒಂದು ಬಲ್ಬು. ಅದೇ ದಶಕದಲ್ಲಿ ಎಂಐಟಿಯ ಹೆರಾಲ್ಡ್ ಎಡ್ಜರ್ಟನ್ ಮತ್ತೆ ಮತ್ತೆ ಬೆಳಗುವ ಎಲೆಕ್ಟ್ರಾನಿಕ್ ಫ್ಲಾಶನ್ನು ಪಳಗಿಸಿದ. ಬಟ್ಟಲಿಗೆ ಬಿದ್ದ ಹಾಲಿನ ಹನಿ ಕಿರೀಟವಾಗಿ ಚಿಮ್ಮುವ, ಗುಂಡು ಸೇಬನ್ನು ತೂರಿ ಹೋಗುವ ಅವನ ಚಿತ್ರಗಳನ್ನು ನೋಡದ ವಿಜ್ಞಾನ ವಿದ್ಯಾರ್ಥಿ ಅಪರೂಪ.

ಇಂದಿನ ಕ್ಯಾಮೆರಾದ ತಲೆಯ ಮೇಲಿರುವುದು ಅದೇ ವಂಶದ ಕ್ಸೆನಾನ್ ಕೊಳವೆ. ಬ್ಯಾಟರಿಯ ಕೆಲವೇ ವೋಲ್ಟುಗಳನ್ನು ಪುಟ್ಟ ಸರ್ಕ್ಯೂಟು 300 ವೋಲ್ಟಿನ ಆಸುಪಾಸಿಗೆ ಏರಿಸಿ ಕೆಪಾಸಿಟರಿನಲ್ಲಿ ತುಂಬಿಸುತ್ತದೆ; ಹಳೆಯ ಫ್ಲಾಶುಗಳಲ್ಲಿ ಕೇಳುತ್ತಿದ್ದ ಕುಂಯ್ ಎಂಬ ಸದ್ದು ಅದರದೇ. ಬಟನ್ ಒತ್ತಿದಾಗ ಹಲವು ಸಾವಿರ ವೋಲ್ಟಿನ ಒಂದು ಮಿಡಿತ ಅನಿಲವನ್ನು ಅಯಾನೀಕರಿಸುತ್ತದೆ, ಕೆಪಾಸಿಟರಿನ ಸರಕೆಲ್ಲ ಅದರ ಮೂಲಕ ಒಮ್ಮೆಗೇ ಹರಿಯುತ್ತದೆ. ಬೆಳಕು ಇರುವುದು ಪೂರ್ಣ ಶಕ್ತಿಯಲ್ಲಿ 1/1000 ಸೆಕೆಂಡಿನಷ್ಟು. ಶಕ್ತಿ ತಗ್ಗಿಸಿದರೆ 1/20,000 ಸೆಕೆಂಡಿಗೂ ಇಳಿಯುತ್ತದೆ. ಕೆಟ್ಟ ಫ್ಲಾಶನ್ನು ಮನೆಯಲ್ಲಿ ಬಿಚ್ಚುವ ಕುತೂಹಲ ಬೇಡ. ಬ್ಯಾಟರಿ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಜೋರಾಗಿ ಹೊಡೆಯುವಷ್ಟು ವಿದ್ಯುತ್ತು ಉಳಿದಿರುತ್ತದೆ.

ಫ್ಲಾಶಿನ ಮಿತಿಯನ್ನು ಬರೆಯುವುದು ದೂರ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಭಾಗ, ಮೂರು ಪಟ್ಟಾದರೆ ಒಂಬತ್ತನೇ ಒಂದು. ಮಂಟಪದಲ್ಲಿ ವಧೂವರರು ಎರಡು ಮೀಟರ್ ದೂರದಲ್ಲಿದ್ದು, ನೆಂಟರು ನಾಲ್ಕರಲ್ಲೂ ಹೂವಿನ ಅಲಂಕಾರ ಆರರಲ್ಲೂ ಇದ್ದರೆ ಅವುಗಳ ಮೇಲೆ ಬೀಳುವ ಬೆಳಕು ಕ್ರಮವಾಗಿ 1, 1/4, 1/9. ಇದನ್ನು ಯಾವ ಕ್ಯಾಮೆರಾ ಬುದ್ಧಿವಂತಿಕೆಯೂ ಬದಲಿಸಲಾರದು.

ಫ್ಲಾಶಿನ ಶಕ್ತಿಯನ್ನು ಸೂಚಿಸುವುದು ಗೈಡ್ ನಂಬರ್. ಅದನ್ನು ಅಪರ್ಚರಿನ ಅಂಕಿಯಿಂದ ಭಾಗಿಸಿದರೆ ಬೆಳಕು ಸಾಲುವ ದೂರ ಸಿಗುತ್ತದೆ. ಕ್ಯಾಮೆರಾದೊಳಗಿನ ಪುಟ್ಟ ಫ್ಲಾಶಿನ ಗೈಡ್ ನಂಬರ್ ಮೀಟರಿನಲ್ಲಿ, ಐಎಸ್‌ಒ 100ಕ್ಕೆ, ಸುಮಾರು 12. ಎಫ್/4ರಲ್ಲಿ ಅದು ಮೂರು ಮೀಟರ್ ತಲುಪುತ್ತದೆ, ಎಫ್/5.6ರಲ್ಲಿ ಎರಡು. ಐಎಸ್‌ಒ 400ಕ್ಕೆ ಏರಿಸಿದರೆ ದೂರ ಇಮ್ಮಡಿ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಂಥಲ್ಲಿ ಪ್ರೇಕ್ಷಕರ ಸಾಲಿನಿಂದ 80 ಮೀಟರ್ ದೂರದ ಆಟಗಾರನತ್ತ ಎಫ್/4, ಐಎಸ್‌ಒ 100ರಲ್ಲಿ ಈ ಫ್ಲಾಶ್ ಹಾರಿಸಿದರೆ ಅವನ ಮೇಲೆ ಬೀಳುವುದು ಬೇಕಾದುದರ ಏಳುನೂರನೇ ಒಂದು ಭಾಗ. ಬೆಳಗುವುದು ಮುಂದಿನ ಸಾಲಿನವರ ತಲೆಗೂದಲು.

ಒಂದು ಚಿತ್ರ, ಎರಡು ಎಕ್ಸ್‌ಪೋಶರ್

ಫ್ಲಾಶ್ ಹಾಕಿದ ಪ್ರತಿ ಚಿತ್ರದಲ್ಲೂ ಎರಡು ಎಕ್ಸ್‌ಪೋಶರುಗಳು, ಅಂದರೆ ಬೆಳಕಿನ ಎರಡು ದಾಖಲೆಗಳು, ಒಂದರ ಮೇಲೊಂದು ಕೂತಿರುತ್ತವೆ. ಸುತ್ತಲಿನ ಬೆಳಕಿನದು ಒಂದು. ಅದು ಷಟರ್ ತೆರೆದಿರುವಷ್ಟು ಹೊತ್ತೂ ಸೇರುತ್ತಾ ಹೋಗುತ್ತದೆ. ಫ್ಲಾಶಿನದು ಇನ್ನೊಂದು, ಅದು ಕ್ಷಣದಲ್ಲಿ ಬಂದು ಮುಗಿಯುವುದರಿಂದ ಷಟರ್ ಎಷ್ಟು ಹೊತ್ತು ತೆರೆದಿದ್ದರೂ ಅದಕ್ಕೆ ಒಂದೇ. ಅಪರ್ಚರ್ ಮತ್ತು ಐಎಸ್‌ಒ ಈ ಎರಡೂ ಎಕ್ಸ್‌ಪೋಶರುಗಳನ್ನು ನಿಯಂತ್ರಿಸಿದರೆ, ಷಟರ್ ಹಿಡಿತ ಸುತ್ತಲಿನ ಬೆಳಕಿನ ಮೇಲೆ ಮಾತ್ರ. ಈ ಅಧ್ಯಾಯದಲ್ಲಿ ನೆನಪಿಡಬೇಕಾದ ಒಂದೇ ಸಂಗತಿ ಇದ್ದರೆ ಅದು ಇದು.

ಆಟೊ ಮೋಡಿನಲ್ಲಿ ಫ್ಲಾಶ್ ಏಳುತ್ತಲೇ ಎಷ್ಟೋ ಕ್ಯಾಮೆರಾಗಳು ಕೈನಡುಕಕ್ಕೆ ಅಂಜಿ ಷಟರನ್ನು 1/60 ಸೆಕೆಂಡಿಗೆ ನಿಲ್ಲಿಸಿಬಿಡುತ್ತವೆ. ಅಷ್ಟರಲ್ಲಿ ಹಿನ್ನೆಲೆಯ ಬೆಳಕು ಏನೂ ದಾಖಲಾಗುವುದಿಲ್ಲ. ದೀಪಾಲಂಕಾರದ ಮುಂದೆ ನಿಲ್ಲಿಸಿ ತೆಗೆದ ಕುಟುಂಬದ ಚಿತ್ರದಲ್ಲಿ ದೀಪಗಳೇ ಕಾಣದಿರುವುದು ಇದರಿಂದ. ಮದ್ದು ಸ್ಲೋ ಸಿಂಕ್. ಸಣ್ಣ ಕ್ಯಾಮೆರಾಗಳಲ್ಲಿ ಇದನ್ನೇ ನೈಟ್ ಪೋರ್ಟ್ರೇಟ್ ಎಂದಿರುತ್ತಾರೆ. ಇಲ್ಲಿ ಷಟರ್ ಅರ್ಧ ಸೆಕೆಂಡೋ ಒಂದು ಸೆಕೆಂಡೋ ತೆರೆದಿದ್ದು ಹಿನ್ನೆಲೆಯನ್ನು ಕೂಡಿಸಿಕೊಳ್ಳುತ್ತದೆ, ಫ್ಲಾಶ್ ಮುಖವನ್ನು ಬೆಳಗಿಸುತ್ತದೆ. ಫ್ಲಾಶ್ ಮಿಂಚಿದೊಡನೆ ಮುಗಿಯಿತೆಂದು ಎಲ್ಲರೂ ಚದುರಿದರೆ ಚಿತ್ರ ಹಾಳು. ಇನ್ನೂ ಒಂದು ಕ್ಷಣ ನಿಲ್ಲಿ ಎಂದು ಮೊದಲೇ ಹೇಳಿರಬೇಕು.

ದೀಪಾವಳಿಯ ರಾತ್ರಿ ಮನೆಯಂಗಳದಲ್ಲಿ ಸುರುಸುರು ಬತ್ತಿ ತಿರುಗಿಸುವ ಮಗುವಿನ ಚಿತ್ರದಲ್ಲಿ ಈ ಎರಡೂ ಎಕ್ಸ್‌ಪೋಶರುಗಳನ್ನು ಬಿಡಿಸಿ ನೋಡಬಹುದು. ಕ್ಯಾಮೆರಾ ಟ್ರೈಪಾಡಿನ ಮೇಲೆ, ಮಗು ಎರಡು ಮೀಟರ್ ದೂರದಲ್ಲಿ. ಐಎಸ್‌ಒ 200, ಎಫ್/8, ಷಟರ್ ಒಂದು ಸೆಕೆಂಡ್. ಆ ಒಂದು ಸೆಕೆಂಡಿನಲ್ಲಿ ಬತ್ತಿ ಗಾಳಿಯಲ್ಲಿ ಬಿಡಿಸಿದ ಬೆಂಕಿಯ ಬಳೆ ಪೂರ್ತಿ ದಾಖಲಾಗುತ್ತದೆ. ಮುಖ, ಫ್ರಾಕಿನ ನೆರಿಗೆ, ಬತ್ತಿ ಹಿಡಿದ ಬೆರಳು ಫ್ಲಾಶ್ ಬಿದ್ದ ಆ ಒಂದು ಗಳಿಗೆಯಲ್ಲಿ ಹೇಗಿದ್ದವೋ ಹಾಗೆ ಚೊಕ್ಕವಾಗಿ ನಿಲ್ಲುತ್ತವೆ. ಫ್ಲಾಶ್ ಮೊದಲಿಗೇ ಬಿದ್ದರೆ ಬೆಳಕಿನ ಗೆರೆ ಕೈಯನ್ನು ಬಿಟ್ಟು ಮುಂದಕ್ಕೆ ಓಡಿದಂತೆ ಕಾಣುತ್ತದೆ. ಷಟರ್ ಮುಚ್ಚುವ ಮುನ್ನ ಬಿದ್ದರೆ ಗೆರೆ ಕೈಯ ಹಿಂದೆ ಬಾಲವಾಗಿ ಬರುತ್ತದೆ, ಕಣ್ಣಿಗೆ ಅದೇ ಸಹಜ. ಈ ಎರಡನೆಯ ಬಗೆಗೆ ಮೆನುವಿನಲ್ಲಿ ರಿಯರ್ ಕರ್ಟನ್ ಎಂಬ ಹೆಸರಿರುತ್ತದೆ. ದೀವಟಿಗೆ ಹಿಡಿದ ಮೆರವಣಿಗೆಗೂ ಇದೇ ಸರಿ.

ಷಟರ್ ವೇಗಕ್ಕೆ ಮೇಲಿನ ಮಿತಿಯೂ ಇದೆ. ಲೆನ್ಸ್ ಬದಲಿಸುವ ಕ್ಯಾಮೆರಾಗಳ ಷಟರ್ ಎರಡು ಪರದೆಗಳದು: ಮೊದಲನೆಯದು ಸರಿದು ಸೆನ್ಸರನ್ನು ತೆರೆಯುತ್ತದೆ, ಎರಡನೆಯದು ಬಂದು ಮುಚ್ಚುತ್ತದೆ. ಸುಮಾರು 1/200 ಅಥವಾ 1/250 ಸೆಕೆಂಡಿನವರೆಗೆ ಸೆನ್ಸರ್ ಒಂದು ಕ್ಷಣವಾದರೂ ಪೂರ್ತಿ ತೆರೆದಿರುತ್ತದೆ. ಅದಕ್ಕೂ ವೇಗ ಹೆಚ್ಚಿಸಿದರೆ ಎರಡು ಪರದೆಗಳ ನಡುವಿನ ಸೀಳು ಮಾತ್ರ ಹಾದು ಹೋಗುವುದರಿಂದ ಚಿತ್ರದ ಒಂದು ಭಾಗದಲ್ಲಿ ಕಪ್ಪು ಪಟ್ಟಿ ಬೀಳುತ್ತದೆ. ಹೈ ಸ್ಪೀಡ್ ಸಿಂಕ್ ಇರುವ ಫ್ಲಾಶುಗಳು ಸೀಳು ಸಾಗುವಷ್ಟು ಹೊತ್ತೂ ಪಟಪಟನೆ ಮಿನುಗಿ ಇದನ್ನು ತಪ್ಪಿಸುತ್ತವೆ, ಶಕ್ತಿ ಮಾತ್ರ ಬಹಳ ಸೋರಿಹೋಗುತ್ತದೆ.

ನೇರ ಫ್ಲಾಶಿನ ಕುರೂಪ

ಲೆನ್ಸಿನ ಪಕ್ಕದಿಂದಲೇ ಬರುವ ಬೆಳಕು ಮೂಗು ಕೆನ್ನೆಗಳ ನೆರಳನ್ನು ಅಳಿಸಿ ಮುಖವನ್ನು ಚಪ್ಪಟೆ ಮಾಡುತ್ತದೆ, ಹಿಂದಿನ ಗೋಡೆಯ ಮೇಲೆ ಗಡಸು ನೆರಳು ಬೀಳಿಸುತ್ತದೆ, ಬೆವರಿದ ಹಣೆಯನ್ನು ಮಿರಿಮಿರಿ ಮಿಂಚಿಸುತ್ತದೆ. ಲೆನ್ಸಿಗೆ ಹುಡ್ ಹಾಕಿಯೇ ಪುಟ್ಟ ಫ್ಲಾಶ್ ಬಳಸಿದರೆ ಚಿತ್ರದ ಕೆಳಗೆ ಅರ್ಧ ವೃತ್ತಾಕಾರದ ನೆರಳೂ ಉಡುಗೊರೆಯಾಗಿ ಸಿಗುತ್ತದೆ.

ಕೆಂಪು ಕಣ್ಣಿನ ಕಾರಣವೂ ಈ ಸಾಮೀಪ್ಯವೇ. ಕತ್ತಲಲ್ಲಿ ಅಗಲವಾಗಿ ತೆರೆದ ಪಾಪೆಯ ಮೂಲಕ ಒಳಹೊಕ್ಕ ಬೆಳಕು ಅಕ್ಷಿಪಟಲದ ಹಿಂದಿನ ರಕ್ತನಾಳಗಳ ಪದರದಿಂದ ಪ್ರತಿಫಲಿಸಿ, ಬಂದ ದಾರಿಯಲ್ಲೇ ಮರಳಿ ಪಕ್ಕದಲ್ಲಿರುವ ಲೆನ್ಸನ್ನು ಸೇರುತ್ತದೆ. ಬೆಕ್ಕು ದನಗಳ ಕಣ್ಣಿನೊಳಗೆ ಕನ್ನಡಿಯಂಥ ಪದರ ಇರುವುದರಿಂದ ಅಲ್ಲಿ ಹಸಿರು, ಹಳದಿ ಹೊಳಪು. ರೆಡ್ ಐ ರಿಡಕ್ಷನ್ ಎಂಬ ಸೌಲಭ್ಯ ಮೊದಲು ಒಂದಿಷ್ಟು ಬೆಳಕು ಮಿನುಗಿಸಿ ಪಾಪೆಯನ್ನು ಕುಗ್ಗಿಸುತ್ತದೆ. ಫ್ಲಾಶನ್ನು ಲೆನ್ಸಿನಿಂದ ದೂರ ಹಿಡಿಯುವುದು ಇದಕ್ಕಿಂತ ಖಚಿತ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಚಿಕ್ಕ ಮಕ್ಕಳ ಫ್ಲಾಶ್ ಚಿತ್ರಗಳಲ್ಲಿ ಒಂದು ಕಣ್ಣು ಕೆಂಪಾಗಿಯೂ ಇನ್ನೊಂದರ ಪಾಪೆ ಬೆಳ್ಳಗೂ ಮತ್ತೆ ಮತ್ತೆ ಕಂಡರೆ ಅದನ್ನು ಕ್ಯಾಮೆರಾದ ದೋಷವೆಂದು ಬಿಡಬಾರದು. ಬೆಳಕು ಬಿದ್ದ ಕೋನದಿಂದಲೂ ಹಾಗಾಗಬಹುದು, ಆದರೆ ಕಣ್ಣಿನ ಪೊರೆ ಅಥವಾ ರೆಟಿನೊಬ್ಲಾಸ್ಟೋಮಾ ಎಂಬ ಕ್ಯಾನ್ಸರಿನ ಮೊದಲ ಸೂಚನೆಯೂ ಆಗಿರಬಹುದು. ತಡಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಬೇಕು.

ಕುರೂಪ ತಪ್ಪಿಸುವ ಉಪಾಯ ಬೆಳಕಿನ ಮೂಲವನ್ನು ದೊಡ್ಡದು ಮಾಡುವುದು. ತಲೆ ತಿರುಗಿಸಬಲ್ಲ ಫ್ಲಾಶನ್ನು ಬಿಳಿ ಚಾವಣಿಯ ಕಡೆಗೆ ತಿರುಗಿಸಿದರೆ ಚಾವಣಿಯೇ ದೊಡ್ಡ ದೀಪವಾಗಿ ಬೆಳಕು ಮೇಲಿನಿಂದ ಮೆತ್ತಗೆ ಇಳಿಯುತ್ತದೆ. ಛಾಯಾಗ್ರಾಹಕ ಸುಬ್ರತ ಮಿತ್ರ ಸತ್ಯಜಿತ್ ರಾಯ್ ಅವರ ‘ಅಪರಾಜಿತೊ’ (1956) ಚಿತ್ರಕ್ಕೆ ಬಳಸಿದ್ದು ಇದೇ ತತ್ವ. ಕಾಶಿಯ ಮನೆಯೊಂದರ ಅಂಗಳವನ್ನು ಸ್ಟುಡಿಯೋದಲ್ಲಿ ಕಟ್ಟಿ, ಮೇಲೆ ಬಿಳಿ ಬಟ್ಟೆ ಬಿಗಿದು, ದೀಪಗಳನ್ನು ಅದಕ್ಕೆ ಹಾಯಿಸಿ ಆಕಾಶದ ಬೆಳಕನ್ನೇ ತಂದರು. ಮೈಸೂರಿನ ವಿ.ಕೆ. ಮೂರ್ತಿಯವರ ಮನೋಧರ್ಮ ಇದಕ್ಕೆ ತದ್ವಿರುದ್ಧ. ‘ಕಾಗಜ್ ಕೆ ಫೂಲ್’ (1959) ಚಿತ್ರದಲ್ಲಿ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋದೊಳಗೆ ತಂದು, ಕತ್ತಲನ್ನು ಸೀಳುವ ಒಂದೇ ಬೆಳಕಿನ ಕೋಲನ್ನು ಅವರು ನಿಲ್ಲಿಸಿದರು. ಮೆತ್ತಗಿನ ಬೆಳಕೇ ಒಳ್ಳೆಯದು ಎಂಬ ನಿಯಮವೇನಿಲ್ಲ. ಎಲ್ಲಿಂದ ಬರುತ್ತಿದೆ ಎಂಬುದು ತೆಗೆಯುವವರ ಕೈಯಲ್ಲಿರಬೇಕು, ಅಷ್ಟೆ.

ಹೀಗೆ ಚಾವಣಿಗೆ ಹಾಯಿಸಿ ಬೆಳಕನ್ನು ಮರಳಿಸುವ ಬೌನ್ಸ್ ಎಲ್ಲೆಡೆ ನಡೆಯುವುದಿಲ್ಲ. ಮಂಗಳೂರು ಹೆಂಚಿನ ಮಾಡು ಬೆಳಕನ್ನು ನುಂಗುತ್ತದೆ. ಕಲ್ಯಾಣ ಮಂಟಪದ ಎತ್ತರದ ಚಾವಣಿಯಿಂದ ಬೆಳಕು ಮರಳಿ ಬರುವಷ್ಟರಲ್ಲಿ ಸೊರಗಿರುತ್ತದೆ. ಗಿಳಿಹಸಿರು ಬಳಿದ ಗೋಡೆಗೆ ಹಾಯಿಸಿದರೆ ಮುಖವೂ ಗಿಳಿಹಸಿರು. ಬಣ್ಣದ ತಕರಾರು ಇನ್ನೊಂದು ರೀತಿಯಲ್ಲೂ ಬರುತ್ತದೆ. ಬಣ್ಣದ ಅಳತೆಯಲ್ಲಿ ಫ್ಲಾಶಿನ ಬೆಳಕು ಹಗಲಿನಂತೆ ಸುಮಾರು 5,500 ಕೆಲ್ವಿನ್, ಹಳೆಯ ಬಲ್ಬಿನದು 2,700ರ ಆಸುಪಾಸು. ಎರಡೂ ಬೆರೆತಾಗ ಮುಖ ಸರಿಯಿದ್ದು ಹಿನ್ನೆಲೆ ಕಿತ್ತಳೆ, ಇಲ್ಲವೇ ಹಿನ್ನೆಲೆ ಸರಿಯಿದ್ದು ಮುಖ ನೀಲಿ. ಫ್ಲಾಶಿನ ಮೂತಿಗೆ ಕಿತ್ತಳೆ ಬಣ್ಣದ ಪಾರದರ್ಶಕ ಹಾಳೆ ಕಟ್ಟಿ, ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು ಬಲ್ಬಿನ ಬಣ್ಣಕ್ಕೆ ಇಟ್ಟರೆ ಎರಡೂ ಹೊಂದುತ್ತವೆ.

ವಿಚಿತ್ರವೆಂದರೆ ಪುಟ್ಟ ಫ್ಲಾಶ್ ಹೆಚ್ಚು ಉಪಯೋಗಕ್ಕೆ ಬರುವುದು ಹಗಲಿನಲ್ಲಿ. ನೆತ್ತಿಯ ಬಿಸಿಲಿನಲ್ಲಿ ಪೇಟದ ನೆರಳು ಬಿದ್ದ ಮುಖಕ್ಕೆ, ಕಿಟಕಿಗೆ ಬೆನ್ನು ಹಾಕಿ ಕುಳಿತವರಿಗೆ, ಶಕ್ತಿಯನ್ನು ಒಂದು ಮೆಟ್ಟಿಲು, ಅಂದರೆ ಅರ್ಧಕ್ಕೆ, ತಗ್ಗಿಸಿ ಹಾಕಿದರೆ ಕಣ್ಣುಗಳು ಕಾಣುತ್ತವೆ, ಫ್ಲಾಶ್ ಹಾಕಿದ್ದು ತಿಳಿಯುವುದಿಲ್ಲ.

ಫೋನುಗಳಲ್ಲಿ ಫ್ಲಾಶ್ ಎಂದು ಕರೆಯುವುದು ಬಹುತೇಕ ಎಲ್‌ಇಡಿಯನ್ನು. ಅದು ಕ್ಸೆನಾನಿನಂತೆ ಕ್ಷಣದಲ್ಲಿ ಸಿಡಿಯದೆ, ಟಾರ್ಚಿನಂತೆ ಸ್ವಲ್ಪ ಹೊತ್ತು ಮಂದವಾಗಿ ಉರಿಯುವುದರಿಂದ ಚಲನೆಯನ್ನು ನಿಲ್ಲಿಸಲಾರದು. ಫೋನುಗಳು ಕತ್ತಲನ್ನು ಗೆದ್ದದ್ದು ಬೇರೆ ಹಾದಿಯಲ್ಲಿ. ಗೂಗಲ್ 2018ರಲ್ಲಿ, ಆಪಲ್ 2019ರಲ್ಲಿ ತಂದ ರಾತ್ರಿ ಮೋಡುಗಳು ಹಲವು ಚಿತ್ರಗಳನ್ನು ಬೆನ್ನು ಬೆನ್ನಿಗೆ ತೆಗೆದು, ಕೈನಡುಕದಿಂದಾದ ಸರಿತವನ್ನು ಹೊಂದಿಸಿ, ಸರಾಸರಿ ಮಾಡುತ್ತವೆ. ಹದಿನಾರು ಚಿತ್ರ ಕೂಡಿಸಿದರೆ ನಾಯ್ಸ್ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ; ಹಿಂದೆ ಹೇಳಿದ ವರ್ಗಮೂಲದ ಲೆಕ್ಕವೇ ಇಲ್ಲಿ ಉಪಕಾರಿ. ನಡೆದಾಡುವವರು ಮಾತ್ರ ದೆವ್ವದಂತೆ ಬರುತ್ತಾರೆ.

ಫ್ಲಾಶ್ ಬೇಡವಾದ ಕಡೆ

ಮೈಸೂರು ಅರಮನೆ ಭಾನುವಾರ ಮತ್ತು ಹಬ್ಬದ ಸಂಜೆಗಳಲ್ಲಿ ಒಂದು ಲಕ್ಷದ ಆಸುಪಾಸಿನ ಬಲ್ಬುಗಳಿಂದ ಬೆಳಗುತ್ತದೆ. ಅದಕ್ಕೆ ಫ್ಲಾಶಿನ ಋಣ ಬೇಕಿಲ್ಲ. ಟ್ರೈಪಾಡ್ ಇಲ್ಲವೇ ಒಂದು ಕಟ್ಟೆ, ಐಎಸ್‌ಒ 100, ಎಫ್/8 ಇದ್ದರೆ ಸಾಕು. ಸುತ್ತಲಿನ ಕಪ್ಪು ಆಕಾಶ ನೋಡಿ ಕ್ಯಾಮೆರಾ ಮೋಸಹೋಗಿ ಬಲ್ಬುಗಳನ್ನು ಬಿಳಿ ಮುದ್ದೆ ಮಾಡುವುದರಿಂದ ಎಕ್ಸ್‌ಪೋಶರನ್ನು ಒಂದು ಮೆಟ್ಟಿಲು ತಗ್ಗಿಸಬೇಕು. ಮೈಸೂರಿನಲ್ಲಿ ಜೂನ್ ತಿಂಗಳ ಸೂರ್ಯಾಸ್ತ ಸಂಜೆ 6.50ರ ಹೊತ್ತಿಗೆ ಆಗುವುದರಿಂದ, ಏಳು ಗಂಟೆಗೆ ದೀಪ ಹತ್ತಿದಾಗ ಆಕಾಶ ಇನ್ನೂ ನೀಲಿಯಾಗಿರುತ್ತದೆ. ದಸರೆಯ ಹೊತ್ತಿಗೆ ಸೂರ್ಯ ಬೇಗ ಮುಳುಗಿ ಈ ನೀಲಿ ಬಹುಪಾಲು ಕಳೆದಿರುತ್ತದೆ.

ಬಾಣಬಿರುಸುಗಳಿಗೂ ಫ್ಲಾಶ್ ವ್ಯರ್ಥ. ಐಎಸ್‌ಒ 100, ಎಫ್/8ರಿಂದ 11, ಎರಡರಿಂದ ಎಂಟು ಸೆಕೆಂಡ್. ನಕ್ಷತ್ರಗಳಿಗಾದರೆ ಕಿಂಡಿ ಪೂರ್ತಿ ತೆರೆದು, ಐಎಸ್‌ಒ 1600ರಿಂದ 3200. ಭೂಮಿ ತಿರುಗುವುದರಿಂದ ಚುಕ್ಕೆ ಗೆರೆಯಾಗದಂತೆ ಅವಧಿಯನ್ನು 500 ಭಾಗಿಸು ಲೆನ್ಸಿನ ನಾಭಿದೂರ ಎಂದು ಲೆಕ್ಕ ಹಾಕುತ್ತಾರೆ: 20 ಮಿಲಿಮೀಟರಿಗೆ 25 ಸೆಕೆಂಡ್. ಹೆಚ್ಚು ಪಿಕ್ಸೆಲ್‌ಗಳ ಸೆನ್ಸರಿಗೆ ಇದನ್ನು ಇನ್ನೂ ಕಡಿಮೆ ಮಾಡಬೇಕಾಗುತ್ತದೆ.

ದೂಳು, ಮಂಜು, ತುಂತುರು ಮಳೆಯಲ್ಲಿ ಹಾಕಿದ ಫ್ಲಾಶ್ ಲೆನ್ಸಿನ ತೀರ ಹತ್ತಿರದ ಕಣಗಳನ್ನು ಬೆಳಗಿಸಿ ಚಿತ್ರದ ತುಂಬ ಬಿಳಿ ಉಂಡೆಗಳನ್ನು ಮೂಡಿಸುತ್ತದೆ. ರಾತ್ರಿಯ ಕೋಲ, ಜಾತ್ರೆಗಳ ಚಿತ್ರಗಳಲ್ಲಿ ಕಾಣುವ ಇಂಥ ಉಂಡೆಗಳನ್ನು ಆತ್ಮಗಳೆಂದು ಹಂಚಿಕೊಳ್ಳುವವರಿಗೆ ಕೊರತೆಯಿಲ್ಲ. ಅಂಗಳದ ದೂಳಿಗೆ ಅಷ್ಟು ಗೌರವ ಸಲ್ಲಬೇಕಾಗಿಲ್ಲ.

ಕೆಲವು ಕಡೆ ಫ್ಲಾಶ್ ವ್ಯರ್ಥವಷ್ಟೇ ಅಲ್ಲ, ಅಪಚಾರ. ಅಜಂತಾದ ಗುಹೆಗಳಲ್ಲಿ ಅದಕ್ಕೆ ನಿಷೇಧವಿದೆ. ರಂಗಸ್ಥಳದ ಕಲಾವಿದನ ಕಣ್ಣಿಗೆ ಕತ್ತಲು ಕವಿಸುವುದು ಸಭ್ಯತೆಯಲ್ಲ. ದೊಂದಿ ಬೆಳಕಿನ ಆಟಕ್ಕೆ ಫ್ಲಾಶ್ ಹಾರಿಸಿದರೆ ದೊಂದಿಯ ಅರ್ಥವೇ ಹೋಗುತ್ತದೆ. ಕಾಡುಪಾಪದಂಥ ನಿಶಾಚರಿಗಳ ಕಣ್ಣು ಕತ್ತಲಿಗೆಂದೇ ರೂಪುಗೊಂಡದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೂ ಕಾಣಸಿಗುವ ಈ ಪ್ರಾಣಿಯನ್ನು ಹುಡುಕುವವರು ಟಾರ್ಚಿಗೆ ಕೆಂಪು ಹಾಳೆ ಸುತ್ತಿಕೊಂಡೇ ಹೋಗುತ್ತಾರೆ.

ಇಂಥ ಜಾಗಗಳಲ್ಲಿ ಫ್ಲಾಶ್ ಒಂದನ್ನು ಆಫ್ ಮಾಡಿದರೆ ಸಾಲದು. ಕತ್ತಲಲ್ಲಿ ಫೋಕಸ್ ಹುಡುಕಲು ಹೊತ್ತುವ ಎಎಫ್ ಅಸಿಸ್ಟ್ ದೀಪಕ್ಕೆ ಹೆಚ್ಚಿನ ಕ್ಯಾಮೆರಾಗಳ ಮೆನುವಿನಲ್ಲಿ ಬೇರೆಯೇ ಸ್ವಿಚ್ ಇರುತ್ತದೆ. ಅದನ್ನೂ ಆಫ್ ಮಾಡಿಕೊಂಡೇ ಒಳಗೆ ಹೋಗಬೇಕು.